ಹದಿನಾಲ್ಕನೇ ಮಹಡಿಯ ಬ್ರೇಕತ್ತೆ

ನಮ್ಮ ಅತ್ತೆ ಲಿಫ್ಟಿನಲ್ಲಿದ್ದಾಳೆ ಎಂಬುದು ಕಣ್ಣು ಮುಚ್ಚಿಕೊಂಡು ನಿಂತವರಿಗೂ ಗೊತ್ತಾಗುತ್ತದೆ. ಲಿಫ್ಟು ಕೆಳಗಿಳಿಯಲು ಶುರು ಮಾಡಿದ್ದೇ ತಡ, ಅವಳ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಧಪ್! ಜೊತೆಗಿದ್ದವರು ಬೆಚ್ಚಿ ಅವಳ ಮುಖ ನೋಡುತ್ತಾರೆ. ಅತ್ತೆ ಮಾತ್ರ ಏನೂ ಆಗದವಳಂತೆ, "ಸ್ವಲ್ಪ ಸ್ಪೀಡ್ ಜಾಸ್ತಿ ಆಯ್ತು, ಅಷ್ಟೇ" ಎನ್ನುತ್ತಾಳೆ. ಹದಿನಾಲ್ಕನೇ ಮಹಡಿಯಿಂದ ಕೆಳಗೆ ಬರುವಷ್ಟರಲ್ಲಿ ಮೂರು ನಾಲ್ಕು ಸಲವಾದರೂ ಲಿಫ್ಟನ್ನು ನಿಲ್ಲಿಸಲು ನೋಡಿರುತ್ತಾಳೆ. ಲಿಫ್ಟು ಇನ್ನೂ ಅವಳ ಮಾತು ಕೇಳುವುದನ್ನು ಕಲಿತಿಲ್ಲ.

ವಯಸ್ಸಿಗೆ ಬಂದಾಗಿನಿಂದ ಊರವರಿಗೆ ಕಾರು ಓಡಿಸಲು ಕಲಿಸುತ್ತಾ ಬಂದವಳು ಅವಳು. ಕಲಿಸುವ ಕಾರಿಗೆ ಎರಡು ಬ್ರೇಕು. ಒಂದು ಓಡಿಸುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ. ಕಲಿಯುವವರು ಗಾಬರಿಯಾಗಿ ಏನೋ ತುಳಿಯಲು ಹೋಗಿ ಇನ್ನೇನೋ ತುಳಿದಾಗ ಜಗತ್ತನ್ನು ಕಾಪಾಡುವುದು ಈ ಎರಡನೇ ಬ್ರೇಕು. ಅತ್ತೆಯ ಬಲಗಾಲು ಎಷ್ಟೋ ಬೇಲಿಗಳನ್ನು, ದೀಪದ ಕಂಬಗಳನ್ನು, ಒಂದಿಷ್ಟು ನಾಯಿಗಳನ್ನು ಉಳಿಸಿದೆ. ಆ ಕಾಲಿಗೆ ರಜೆ ಎಂಬುದೇ ಗೊತ್ತಿಲ್ಲ. ಸಿನಿಮಾ ನೋಡುವಾಗಲೂ ಒತ್ತುತ್ತದೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ ಒತ್ತುತ್ತದೆ. ಮನೆಯ ಮಕ್ಕಳೆಲ್ಲ ಸೇರಿ ಬ್ರೇಕತ್ತೆ ಎಂದು ಹೆಸರಿಟ್ಟೆವು. ಈಗ ಇಡೀ ಕಟ್ಟಡಕ್ಕೇ ಅವಳು ಬ್ರೇಕತ್ತೆ.

ಅವಳನ್ನು ಈ ಕಟ್ಟಡಕ್ಕೆ ಕರೆತಂದವಳು ನಾನು, ಅವಳ ಅಣ್ಣನ ಮಗಳು. ನೆಲಮಹಡಿಯಲ್ಲಿ ನನ್ನದೊಂದು ಕೂದಲು ಕತ್ತರಿಸುವ ಅಂಗಡಿ. ನನ್ನ ನಾಲಿಗೆಯೂ ಕತ್ತರಿಯೂ ಒಂದೇ ಸಮ ಹರಿತ ಎಂದು ಗಿರಾಕಿಗಳು ಹೇಳುತ್ತಾರೆ. ಕತ್ತರಿಯ ಮಟ್ಟಿಗೆ ಅದು ನಿಜ. ಹದಿನಾಲ್ಕನೇ ಮಹಡಿಯಲ್ಲಿ ಮನೆ ಖಾಲಿಯಿದೆ ಎಂದು ಗಿರಾಕಿಯೊಬ್ಬರು ಹೇಳಿದ್ದನ್ನು ಕೇಳಿ ಅತ್ತೆಯ ಕಿವಿಗೆ ಹಾಕಿದ್ದೊಂದೇ ನಾನು ಮಾಡಿದ ತಪ್ಪು. ಅಂದಿನಿಂದ ಲಿಫ್ಟು ಕೆಟ್ಟರೆ ನನಗೆ ಬೈಗುಳ, ನೀರು ನಿಂತರೆ ನನಗೆ ಬೈಗುಳ, ಮೇಲಿನ ಮನೆಯವರು ಕುರ್ಚಿ ಎಳೆದರೂ ನನಗೇ ಬೈಗುಳ.

ಅದಕ್ಕೆ ಮೊದಲು ಅತ್ತೆ ಮಾವ ಇದ್ದದ್ದು ಊರಾಚೆಯ ಬಡಾವಣೆಯಲ್ಲಿ. ಒಂದೇ ಅಂತಸ್ತಿನ ಮನೆ, ಮುಂದೆ ಅಂಗಳ, ಹಿಂದೆ ಹಿತ್ತಿಲು. ಪಕ್ಕದ ಮನೆಯೂ ಅಂಥದ್ದೇ, ಅದರ ಪಕ್ಕದ್ದೂ ಅಂಥದ್ದೇ. ಹೊಸದಾಗಿ ಬಂದವರು ಬೇರೆಯವರ ಬಾಗಿಲಿಗೆ ತಮ್ಮ ಕೀಲಿ ಹಾಕಿ ತಿರುಗಿಸಿ ತಿರುಗಿಸಿ ಸುಸ್ತಾದದ್ದುಂಟು. ಅತ್ತೆಯ ಹಿತ್ತಿಲಲ್ಲಿ ಕುಂಬಳದ ಬಳ್ಳಿ, ಮಳೆನೀರು ಹಿಡಿಯುವ ಪೀಪಾಯಿ, ಮೂಲೆಯಲ್ಲಿ ಗೊಬ್ಬರದ ಗುಂಡಿ. ಚಾವಣಿಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಯಂತ್ರ. "ನಾನು ಈ ಭೂಮಿಗೆ ಭಾರ ಅಲ್ಲ ಕಣೇ. ನೀರು ಆಕಾಶದ್ದು, ಬಿಸಿ ಸೂರ್ಯಂದು, ಕುಂಬಳಕಾಯಿ ನಂದು" ಎಂದು ಹೋದಾಗಲೆಲ್ಲ ಹೇಳುತ್ತಿದ್ದಳು.

ಅವಳು ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ಹೇಳದೆ ಬಿಡುತ್ತಿದ್ದುದು ಒಂದಿತ್ತು. ಆ ಬಡಾವಣೆಯಲ್ಲಿ ಒಂದು ಬೆಂಕಿಪೊಟ್ಟಣ ಬೇಕೆಂದರೂ ಕಾರು ತೆಗೆಯಬೇಕು. ಅಂಗಡಿ ದೂರ, ಶಾಲೆ ದೂರ, ಬಸ್ಸು ನಿಲ್ಲುವ ಹೆದ್ದಾರಿ ಇನ್ನೂ ದೂರ. ಕಾರಿಲ್ಲದವರು ಅಲ್ಲಿ ಕೈಕಾಲಿಲ್ಲದವರ ಹಾಗೆ. ಅದಕ್ಕೇ ಅತ್ತೆಗೆ ಎಂದೂ ಶಿಷ್ಯರ ಬರ ಬಂದದ್ದಿಲ್ಲ. ಅರ್ಧ ಬಡಾವಣೆ ಅವಳ ಕೈಯಲ್ಲೇ ಸ್ಟಿಯರಿಂಗ್ ಹಿಡಿಯುವುದನ್ನು ಕಲಿತದ್ದು.

ಅವಳ ಮೊದಲ ಶಿಷ್ಯ ನಮ್ಮ ಮಾವ. ಊರ ಮಧ್ಯದ ಬೇಕರಿಯೊಂದರಲ್ಲಿ ಬ್ರೆಡ್ಡು ಮಾಡುವವರು. ಹಿಟ್ಟನ್ನು ಬೆರಳಲ್ಲಿ ಒತ್ತಿ ನೋಡಿ ಇನ್ನೆಷ್ಟು ಹೊತ್ತು ಬಿಡಬೇಕೆಂದು ಹೇಳುವವರು. ಅಂಥ ಚುರುಕು ಮನುಷ್ಯ ಡ್ರೈವಿಂಗ್ ಪರೀಕ್ಷೆಯಲ್ಲಿ ಮಾತ್ರ ಮತ್ತೆ ಮತ್ತೆ ಫೇಲಾಗುತ್ತಿದ್ದರು. ಒಮ್ಮೆ ಸಿಗ್ನಲ್ ಮರೆತರು, ಒಮ್ಮೆ ತಲೆ ತಿರುಗಿಸಿ ನೋಡುವುದನ್ನು ಮರೆತರು, ಇನ್ನೊಮ್ಮೆ ಪರೀಕ್ಷೆಗೆ ಬರುವುದನ್ನೇ ಮರೆತರು. ಫೇಲಾದಾಗಲೆಲ್ಲ ಮತ್ತೊಂದಿಷ್ಟು ವಾರ ಪಾಠ. ಅವರು ಬೇಕೆಂದೇ ಫೇಲಾಗುತ್ತಿದ್ದರು ಎಂಬುದು ಅತ್ತೆಗೆ ಗೊತ್ತಾದದ್ದು ಮದುವೆಯಾದ ಮೇಲೆ. ಇವತ್ತಿಗೂ ಮಾವ ಅವಳನ್ನು ಕರೆಯುವುದು "ಗುರುಗಳೇ" ಎಂದೇ.

ಎಲ್ಲ ಸರಿಯಾಗಿಯೇ ಇತ್ತು, ಮಾವ ಸ್ವಂತ ಮನೆಯ ಗೇಟಿಗೇ ಕಾರು ಗುದ್ದುವವರೆಗೆ. ಅದಾದ ಕೆಲವೇ ದಿನಕ್ಕೆ ಸೈಕಲ್ಲಿನವನೊಬ್ಬ ಅವರ ಕಾರಿನಿಂದ ಕೂದಲೆಳೆಯ ಅಂತರದಲ್ಲಿ ಪಾರಾದ. ಅತ್ತೆ ಅವತ್ತೇ ಮಾವನನ್ನು ಕಣ್ಣಿನ ಡಾಕ್ಟರ ಬಳಿ ಎಳೆದೊಯ್ದಳು. ಎದುರಿಗಿದ್ದದ್ದು ಕಾಣುತ್ತದೆ, ಪಕ್ಕದಲ್ಲಿದ್ದದ್ದು ಕಾಣುವುದಿಲ್ಲ, ಇನ್ನು ಕಾರು ಮುಟ್ಟಬೇಡಿ ಎಂದರು ಡಾಕ್ಟರು. ಅಂದಿನಿಂದ ಅತ್ತೆಯೇ ಮಾವನನ್ನು ಬೇಕರಿಗೆ ಬಿಟ್ಟು, ವಾಪಸ್ ಬಂದು, ಸಂಜೆ ಮತ್ತೆ ಹೋಗಿ ಕರೆತರಬೇಕಾಯಿತು. ಅವಳ ಪಾಠಗಳೆಲ್ಲ ಹಾಳಾದವು. ಮಾವ ಪಾರ್ಸೆಲ್ಲಿನ ಹಾಗೆ ಸೀಟಿನಲ್ಲಿ ಕೂತು ಹೋಗಿ ಬಂದು ಮಾಡಿದರು. ಕೊನೆಗೆ ಒಂದು ದಿನ, "ನಾನೇ ಕೆಲಸ ಬಿಡ್ತೀನಿ ಗುರುಗಳೇ, ನಿಮಗೆ ತೊಂದರೆ" ಎಂದರು.

ಹಾಗೆ ಕೆಲಸ ಬಿಟ್ಟು ಮಾವ ಮನೆಯಲ್ಲಿ ಕೂತರು. ಒರೆಸಿದ್ದನ್ನೇ ಒರೆಸುತ್ತಿದ್ದರು. ಸೋಫಾದ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ತಮಗೇ ಗೊತ್ತಿಲ್ಲದೆ ನಾದುತ್ತಿದ್ದರು. ತಮಾಷೆಯ ಮನುಷ್ಯ, ಕೇಳಿದ್ದಕ್ಕೆ ಹೂಂ ಎನ್ನುವುದರಲ್ಲಿ ಮಾತು ಮುಗಿಸುತ್ತಿದ್ದರು. ನಾನು ಈ ಮನೆಯ ಸುದ್ದಿ ತಂದದ್ದು ಆಗಲೇ. ಇಲ್ಲಿಂದ ಬೇಕರಿಗೆ ನಡೆದೇ ಹೋಗಬಹುದು. ಅತ್ತೆ ತುಂಬಾ ಹೊತ್ತು ಯೋಚಿಸಿ, "ಒಂದು ವರ್ಷ ನೋಡೋಣ" ಎಂದಳು. ಬಡಾವಣೆಯ ಮನೆಯನ್ನು ಹಳೆಯ ಶಿಷ್ಯೆಯೊಬ್ಬಳಿಗೆ ಒಂದು ವರ್ಷದ ಮಟ್ಟಿಗೆ ಬಾಡಿಗೆಗೆ ಕೊಟ್ಟಳು. ವರ್ಷದ ಕೊನೆಗೆ ತೀರ್ಮಾನ. ವಾಪಸ್ ಹೋದರೆ ಮಾವನ ಬ್ರೆಡ್ಡು ಮುಗಿದಂತೆ. ಇಲ್ಲೇ ಉಳಿದರೆ ಅತ್ತೆಯ ಹಿತ್ತಿಲು ಮುಗಿದಂತೆ.

ಬಂದ ದಿನದಿಂದಲೇ ಅತ್ತೆ ಕಟ್ಟಡದ ಮೇಲೆ ಯುದ್ಧ ಸಾರಿದಳು. "ಒಂದು ಲೋಟ ನೀರು ಕುಡಿಯೋಕೆ ಕೆಳಗೆ ಮೋಟಾರು ಅಷ್ಟೊತ್ತು ಗೊರಕೆ ಹೊಡೀಬೇಕು. ಹಗಲು ಹೊತ್ತಲ್ಲೂ ಕಾರಿಡಾರ್ ತುಂಬ ದೀಪ. ಒಬ್ಬ ಮನುಷ್ಯ ಹಾಲು ತರೋಕೆ ಇಳಿದ್ರೆ ಇಡೀ ಲಿಫ್ಟು ಅವನ ಜೊತೆ ಇಳಿಯುತ್ತೆ. ಇದೇನು ಮನೆಯಾ, ಕಾರ್ಖಾನೆಯಾ?" ಎಂದು ನನ್ನ ಅಂಗಡಿಗೆ ಬಂದು ಗಿರಾಕಿಗಳೆದುರಿಗೇ ಭಾಷಣ ಬಿಗಿದಳು. ಲಿಫ್ಟು ಹತ್ತುವುದಿಲ್ಲ ಎಂದು ಶಪಥವನ್ನೂ ಮಾಡಿದಳು. ಐದನೇ ಮಹಡಿಯವರೆಗೆ ಶಪಥ ನಡೆಯಿತು. ಅಲ್ಲಿ ಮೊಣಕಾಲು ಪಕ್ಷಾಂತರ ಮಾಡಿತು.

ಮಾವ ಮಾತ್ರ ಈ ಮನೆಯಲ್ಲಿ ಚಿಗುರಿಕೊಂಡರು. ಬೆಳಗಿನ ಕಾಫಿ ಕುಡಿದು, ಬಿಳಿ ಟೋಪಿಯನ್ನು ಜೇಬಿಗೆ ತುರುಕಿಕೊಂಡು, ಸೀಟಿ ಹಾಕುತ್ತಾ ಬೇಕರಿಗೆ ಹೊರಟರೆ ಸಂಜೆ ಬಿಸಿ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಚಳಿಗಾಲದಲ್ಲಿ ಒಂದು ಸಂಜೆ ನಾನು ಅಲ್ಲೇ ಇದ್ದೆ. ಮಾವ ಸುತ್ತ ನೋಡಿ, "ಗುರುಗಳೇ, ಗಮನಿಸಿದ್ರಾ? ಈ ವರ್ಷ ರೂಮ್ ಹೀಟರ್ ಹಚ್ಚೇ ಇಲ್ಲ. ಮೇಲೆ ಮನೆ, ಕೆಳಗೆ ಮನೆ, ಆ ಕಡೆ ಈ ಕಡೆ ಮನೆ. ಎಲ್ಲರೂ ಸೇರಿ ನಮ್ಮನ್ನ ಬೆಚ್ಚಗೆ ಇಟ್ಟಿದ್ದಾರೆ" ಎಂದರು.

"ಯಾರದೋ ಮನೆ ಒಲೆ ಬಿಸೀಲಿ ನಾವು ಮೈ ಕಾಯಿಸಿಕೊಳ್ಳೋದಾ? ಥೂ, ನಾಚಿಕೆ ಆಗಲ್ವೇನ್ರೀ?" ಎಂದಳು ಅತ್ತೆ.

"ನಮ್ಮ ಬಿಸೀನೂ ಅವರಿಗೆ ಹೋಗುತ್ತಲ್ಲ. ಅದರಲ್ಲೂ ನೀವು ದಿನಾ ಇಷ್ಟು ಬಿಸಿಯಾಗ್ತೀರಿ, ಪಕ್ಕದ ಮನೆಯವರಿಗೆ ಅನುಕೂಲವೇ ಆಗಿರುತ್ತೆ."

ಅತ್ತೆ ಮುಖ ಊದಿಸಿಕೊಂಡಳು. ನಗು ಬಂದದ್ದು ಕಾಣಬಾರದೆಂದು ಕಿಟಕಿ ಕಡೆ ತಿರುಗಿದಳು.

ಒಂದು ವಿಷಯದಲ್ಲಿ ಮಾತ್ರ ಅವಳು ಜಗ್ಗಲಿಲ್ಲ. ಅದು ಅಡುಗೆಮನೆಯ ಸಿಪ್ಪೆ. ಈ ಕಟ್ಟಡದಲ್ಲಿ ಪ್ರತಿ ಮಹಡಿಯಲ್ಲೂ ಕಸದ ಕೊಳವೆಯೊಂದಿದೆ. ಬಾಗಿಲು ತೆಗೆದು ಹಾಕಿದರೆ ಒಡೆದ ಬಾಟಲಿಯೂ ಬಾಳೆಸಿಪ್ಪೆಯೂ ಒಟ್ಟಿಗೇ ಸುಯ್ಯೆಂದು ಕೆಳಗೆ ಹೋಗುತ್ತವೆ. "ಆ ತೂತಿಗೆ ನನ್ನ ಸಿಪ್ಪೆ ಹಾಕಲ್ಲ. ಅದು ಮಣ್ಣಿಗೆ ಸೇರಬೇಕಾದದ್ದು" ಎಂದಳು ಅತ್ತೆ. ಹಾಗಾದರೆ ಏನು ಮಾಡುತ್ತೀಯೆಂದು ಕೇಳಿದೆ. ಮಾಡಿ ತೋರಿಸಿದಳು. ಮುಚ್ಚಳವಿರುವ ಒಂದು ನೀಲಿ ಬಕೆಟ್ಟು ತಂದು, ವಾರವಿಡೀ ಸಿಪ್ಪೆಯನ್ನು ಅದರಲ್ಲಿ ತುಂಬಿ, ಭಾನುವಾರ ಅದನ್ನು ಎರಡು ಬ್ರೇಕಿನ ಕಾರಿನಲ್ಲಿ ಕೂರಿಸಿಕೊಂಡು, ಹೆದ್ದಾರಿಯುದ್ದಕ್ಕೂ ಓಡಿಸಿಕೊಂಡು ಹೋಗಿ ಬಡಾವಣೆಯ ಹಿತ್ತಿಲ ಗುಂಡಿಗೆ ಸುರಿದು ಖಾಲಿ ಬಕೆಟ್ಟಿನೊಂದಿಗೆ ವಾಪಸ್ ಬಂದಳು. ಪ್ರತಿ ಭಾನುವಾರವೂ ಇದೇ ಸವಾರಿ. ಭೂಮಿಗೆ ಭಾರವಾಗಬಾರದೆಂದು ಒಂದು ಬಕೆಟ್ ಸಿಪ್ಪೆಗಾಗಿ ಅಷ್ಟು ಪೆಟ್ರೋಲು ಸುಡುವ ಹೆಂಗಸು ಇನ್ನೊಬ್ಬಳಿದ್ದರೆ ತೋರಿಸಿ, ಆಜನ್ಮ ಬಿಟ್ಟಿಯಾಗಿ ಕೂದಲು ಕತ್ತರಿಸುತ್ತೇನೆ.

ಒಂದು ಭಾನುವಾರ ಅವಳು ಬಕೆಟ್ಟಿಗೆ ಸೀಟ್‌ಬೆಲ್ಟ್ ಕಟ್ಟುತ್ತಿದ್ದಾಗ ಮಾವ ಬಾಗಿ ನೋಡಿ ಹೇಳಿದರು: "ಈ ಮನೇಲಿ ನಾನು ನಡ್ಕೊಂಡು ಹೋಗ್ತೀನಿ, ಈರುಳ್ಳಿ ಸಿಪ್ಪೆ ಕಾರಲ್ಲಿ ಹೋಗುತ್ತೆ." ಅತ್ತೆ ಬೆಲ್ಟನ್ನು ಇನ್ನೊಂದು ಸಲ ಜಗ್ಗಿ ಬಿಗಿ ಮಾಡಿ ಕಾರು ಹೊರಡಿಸಿದಳು.

ವರ್ಷ ಮುಗಿಯಲು ಬಂದಿತ್ತು. ಅಂಗಡಿಗೆ ರಜೆಯಿದ್ದ ಒಂದು ಭಾನುವಾರ ನಾನೂ ಅವಳ ಜೊತೆ ಹೊರಟೆ. ಅತ್ತೆ ಓಡಿಸುತ್ತಿದ್ದಳು, ನಾನು ಪಕ್ಕದ ಸೀಟಿನಲ್ಲಿ. ಹಿಂದಿನ ಸೀಟಿನಲ್ಲಿ ನೀಲಿ ಬಕೆಟ್ಟು. ಗಡಿಬಿಡಿಯಲ್ಲಿ ಅವತ್ತು ಅದಕ್ಕೆ ಬೆಲ್ಟು ಕಟ್ಟಿರಲಿಲ್ಲ. ಹೆದ್ದಾರಿಯಲ್ಲಿ ವಾಹನಗಳ ಸಾಲು ಆಮೆಯಂತೆ ತೆವಳಿ, ಇದ್ದಕ್ಕಿದ್ದಂತೆ ಬಿಟ್ಟುಕೊಂಡಿತು. ಅತ್ತೆ ವೇಗ ಹೆಚ್ಚಿಸಿದಳು. ಮುಂದಿದ್ದ ಲಾರಿಯ ಬೆನ್ನು ಸರ್ರನೆ ಹತ್ತಿರ ಬಂದಂತಾಯಿತು ನನಗೆ. ಅತ್ತೆಗೆ ಅದು ಕಂಡೇ ಇತ್ತು, ಅವಳು ನಿಧಾನ ಮಾಡುವುದರಲ್ಲೇ ಇದ್ದಳು. ಆದರೆ ನನ್ನ ಕಾಲು ನನ್ನನ್ನು ಕೇಳದೆ ಎರಡನೇ ಬ್ರೇಕನ್ನು ಬಲವಾಗಿ ತುಳಿದುಬಿಟ್ಟಿತು.

ಕಾರು ಕಿರ್ರೆಂದು ನಿಂತಿತು, ಬಕೆಟ್ಟು ನಿಲ್ಲಲಿಲ್ಲ. ಮುಚ್ಚಳ ಒಂದು ಕಡೆ, ಒಂದು ವಾರದ ಅಡುಗೆಮನೆ ಇನ್ನೊಂದು ಕಡೆ. ನನ್ನ ಕುತ್ತಿಗೆಯಲ್ಲಿ ಕಾಫಿ ಗಸಿ, ಡ್ಯಾಶ್‌ಬೋರ್ಡಿನ ಮೇಲೆ ಸೌತೆಕಾಯಿ ತೊಟ್ಟು. ನಾನೇ ಮೊನ್ನೆ ಮೊನ್ನೆ ಚೆಂದವಾಗಿ ಕತ್ತರಿಸಿದ್ದ ಅತ್ತೆಯ ತಲೆಯ ಮೇಲೆ ಅರ್ಧ ಮೊಟ್ಟೆಚಿಪ್ಪು ಟೋಪಿಯಂತೆ ಕೂತಿತ್ತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಇಷ್ಟು ವರ್ಷ ಕಲಿಸಿದೀನಿ. ಪಕ್ಕದ ಸೀಟಲ್ಲಿ ಕೂತೋರು ನನಗೆ ಬ್ರೇಕ್ ಹಾಕಿದ್ದು ಇದೇ ಮೊದಲು" ಎಂದಳು.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಿಟಕಿಗಳನ್ನೆಲ್ಲ ಇಳಿಸಿಕೊಂಡು, ಆ ವಾಸನೆಯಲ್ಲೇ ಹೊಟ್ಟೆ ಹುಣ್ಣಾಗುವಷ್ಟು ನಕ್ಕುಕೊಂಡು ಬಡಾವಣೆ ಸೇರಿದೆವು.

ಮನೆ ಬಾಡಿಗೆಗೆ ಪಡೆದಿದ್ದ ಶಿಷ್ಯೆ ನಮ್ಮ ಅವತಾರ ನೋಡಿ ನೀರಿನ ಪೈಪು ಹಿಡಿದು ಓಡಿ ಬಂದಳು. ಅವಳು ಆ ಮನೆಯಲ್ಲೇ ಪುಟ್ಟ ಮಕ್ಕಳನ್ನು ಭಾನುವಾರವೂ ನೋಡಿಕೊಳ್ಳುವ ಶಿಶುವಿಹಾರ ನಡೆಸುತ್ತಿದ್ದಳು. ಅಂಗಳದಲ್ಲಿ ಗೊಂಬೆ, ಚೆಂಡು, ಸಾಲಾಗಿ ಒಣಗುತ್ತಿದ್ದ ಪುಟಾಣಿ ಅಂಗಿಗಳು. ಅಕ್ಕಪಕ್ಕದ ಬೀದಿಯ ಮಕ್ಕಳೇ ಆದ್ದರಿಂದ ಅಪ್ಪ ಅಮ್ಮನ ಕೈ ಹಿಡಿದು ನಡೆದೇ ಬರುತ್ತಿದ್ದವು. ಆ ಬೀದಿಯಲ್ಲಿ ಜನ ನಡೆದಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಕಾರು ತೊಳೆದಾದ ಮೇಲೆ ಅವಳು ಸಂಕೋಚದಿಂದಲೇ ಬಾಯಿಬಿಟ್ಟಳು. "ಟೀಚರ್, ತಪ್ಪು ತಿಳ್ಕೋಬೇಡಿ. ವರ್ಷ ಆಗ್ತಾ ಬಂತು. ನೀವು ವಾಪಸ್ ಬರೋದಾದ್ರೆ ಹೇಳಿಬಿಡಿ. ನಾನು ಈ ಮಕ್ಕಳಿಗೆ ಬೇರೆ ಜಾಗ ಹುಡುಕ್ಬೇಕು."

ಅತ್ತೆ ಹಿತ್ತಿಲಿಗೆ ನಡೆದಳು. ಗುಂಡಿಯ ಹತ್ತಿರ ಹೋಗಿ ಕೂತಳು. ಒಂದು ಹಿಡಿ ಕಪ್ಪು ಮಣ್ಣು ಎತ್ತಿ ಮೂಸಿದಳು. ಮಕ್ಕಳು ಅವಳ ಸುತ್ತ ನೆರೆದು, ಇದು ಯಾರ ಅಜ್ಜಿ ಎಂದು ತಮ್ಮ ತಮ್ಮಲ್ಲೇ ವಿಚಾರಿಸಿಕೊಂಡವು. "ಮುಂದಿನ ಭಾನುವಾರ ಹೇಳ್ತೀನಿ" ಎಂದು ಎದ್ದಳು.

ವಾಪಸ್ ಹೊರಟು ಅತ್ತೆ ಕಾರನ್ನು ಹೆದ್ದಾರಿಗೆ ತಂದಳು. ಆಮೇಲೆ, "ವಾಪಸ್ ಹೋಗೋದೇ ಕಣೇ. ತೀರ್ಮಾನ ಮಾಡಿದೀನಿ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ಮಾವ ಏನು ಮಾಡ್ಬೇಕು? ಮತ್ತೆ ದಿಂಬು ನಾದಬೇಕಾ?"

"ನಾನು ದಿನಾ ಬಿಟ್ಟು ಬರ್ತೀನಿ."

"ಅದನ್ನ ಮಾಡಿ ನೋಡಿದ್ದಾಯ್ತಲ್ಲ ಅತ್ತೆ. ಒಂದು ಕುಂಬಳಬಳ್ಳಿಗೋಸ್ಕರ ಅವರನ್ನ ಮೂಲೇಲಿ ಕೂರಿಸ್ತೀಯಾ?"

ಹಾಗೆ ಹೇಳಬಾರದಿತ್ತೇನೋ. ಅತ್ತೆ ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದಳು. ಅವಳ ಕಣ್ಣು ತುಂಬಿತ್ತು.

"ಬಳ್ಳಿ ಅಲ್ವೇ" ಎಂದಳು. "ಬಳ್ಳಿ ಎಲ್ಲಾದ್ರೂ ಬೆಳೆಯುತ್ತೆ. ದಿನಾ ಬೆಳಿಗ್ಗೆ ಅವರು ಟೋಪಿ ಜೇಬಲ್ಲಿ ಇಟ್ಕೊಂಡು ಹೊರಟ್ರೆ ನಾನು ಬಾಲ್ಕನೀಲಿ ಜೀವ ಕೈಯಲ್ಲಿ ಹಿಡ್ಕೊಂಡು ನಿಂತಿರ್ತೀನಿ. ಹದಿನಾಲ್ಕನೇ ಮಹಡಿಯಿಂದ ಅವರು ಇರುವೆ ಥರ ಕಾಣ್ತಾರೆ. ಬಸ್ಸು, ಬೈಕು, ಎಲ್ಲ ಪಕ್ಕದಿಂದಲೇ ಬರೋದು. ಅವರಿಗೆ ಪಕ್ಕ ಕಾಣಲ್ಲ. ಅಷ್ಟು ದೂರದಿಂದ ನಾನು ಎಲ್ಲಿ ಬ್ರೇಕ್ ಹಾಕ್ಲಿ?"

ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಒಂದು ವರ್ಷ ಪೂರ್ತಿ ನೀರಿನ ಮೋಟಾರಿಗೂ ಲಿಫ್ಟಿಗೂ ಬೈದದ್ದರ ಹಿಂದೆ ಇದಿತ್ತು. ನಾನು ಅವಳ ಕೈ ಹಿಡಿದುಕೊಂಡೆ. ಆಮೇಲೆ ನನಗೆ ತೋಚಿದ್ದನ್ನು ಹೇಳಿದೆ: "ಮೇಲಿಂದ ನೋಡಿದ್ದು ಸಾಕು ಅತ್ತೆ. ಒಂದು ದಿನ ಹಿಂದಿನಿಂದ ನೋಡು. ನಾನೂ ಬರ್ತೀನಿ."

ಮನೆಗೆ ಬಂದವಳೇ ಅತ್ತೆ ಮಾವನಿಗೆ ವಾಪಸ್ ಹೋಗುವ ವಿಷಯ ತಿಳಿಸಿದಳು. ಮಾವ ವಾದ ಮಾಡಲಿಲ್ಲ. "ಅಪ್ಪಣೆ ಗುರುಗಳೇ" ಎಂದು ನಕ್ಕು ಅಡುಗೆಮನೆಗೆ ಹೋದರು. ಆಗಲೇ ತೊಳೆದಿಟ್ಟಿದ್ದ ಲೋಟವನ್ನು ಮತ್ತೊಮ್ಮೆ ತೊಳೆದರು, ಒರೆಸಿದರು, ಇನ್ನೊಮ್ಮೆ ಒರೆಸಿದರು. ಬಾಗಿಲಲ್ಲಿ ನಿಂತಿದ್ದ ನನಗೆ ಅದನ್ನು ನೋಡಲಾಗಲಿಲ್ಲ.

ವಾರದ ನಡುವೆ ಒಂದು ದಿನ ಅಂಗಡಿಯ ಬಾಗಿಲಿಗೆ 'ಈಗ ಬಂದೆ' ಎಂಬ ಬೋರ್ಡು ತಗುಲಿಸಿ, ಅತ್ತೆಯೂ ನಾನೂ ಕಳ್ಳರ ಹಾಗೆ ಕೆಳಗಿನ ಕಂಬದ ಮರೆಯಲ್ಲಿ ನಿಂತೆವು. ಅತ್ತೆ ಗುರುತು ಸಿಗಬಾರದೆಂದು ನನ್ನ ಅಂಗಡಿಯ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡಿದ್ದಳು. ಅದರಿಂದ ಅವಳು ಇನ್ನಷ್ಟು ಎದ್ದು ಕಾಣುತ್ತಿದ್ದಳು. ಲಿಫ್ಟಿನ ಬಾಗಿಲು ತೆರೆಯಿತು. ಮಾವ ಸೀಟಿ ಹಾಕುತ್ತಾ ಹೊರಬಂದು ರಸ್ತೆಗಿಳಿದರು. ನಾವು ಹಿಂದೆ.

ಮೊದಲ ತಿರುವು ಬಂತು. ನನ್ನ ಪಕ್ಕದಲ್ಲಿ ಅತ್ತೆಯ ಬಲಗಾಲು ಧಪ್ಪೆಂದು ಕಲ್ಲುಹಾಸಿನ ಮೇಲೆ ಬಿತ್ತು. ಆದರೆ ಮಾವ ಅಷ್ಟರೊಳಗೆ ತಾವೇ ನಿಧಾನ ಮಾಡಿದ್ದರು. ತಿರುವಿಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ಬಲಗೈಯನ್ನು ನೀಟಾಗಿ ಚಾಚಿ ಸಿಗ್ನಲ್ ಕೊಟ್ಟರು. ಹೌದು, ಫುಟ್‌ಪಾತಿನ ಮೇಲೆ, ಕಾಲ್ನಡಿಗೆಯಲ್ಲಿ ಹೋಗುತ್ತಿರುವ ಮನುಷ್ಯ ಕೈ ಚಾಚಿ ಸಿಗ್ನಲ್ ಕೊಟ್ಟು ಬಲಕ್ಕೆ ತಿರುಗಿದರು. ಎದುರಿಂದ ಬರುತ್ತಿದ್ದ ಶಾಲೆ ಮಕ್ಕಳು ದಾರಿ ಬಿಟ್ಟು, ತಾವೂ ಕೈ ಚಾಚಿ ಎಡಕ್ಕೆ ತಿರುಗಿದವು. ಇದು ಅಲ್ಲಿ ದಿನದ ಆಟವೆಂದು ಕಾಣುತ್ತದೆ.

ಅತ್ತೆ ಕನ್ನಡಕ ತೆಗೆದಳು. "ಅದು ನನ್ನ ಪಾಠ ಕಣೇ" ಎಂದು ಪಿಸುಗುಟ್ಟಿದಳು.

ಚಪ್ಪಲಿ ಹೊಲಿಯುವವನು ಕೂತಲ್ಲಿಂದಲೇ ಕೂಗಿ ಮಾವನ ಯೋಗಕ್ಷೇಮ ಕೇಳಿದ. ಪೇಪರ್ ಅಂಗಡಿಯಾಕೆ ನಿನ್ನೆಯ ಬ್ರೆಡ್ಡಿಗೆ ಉಪ್ಪು ಕಮ್ಮಿಯಿತ್ತೆಂದು ದೂರಿದಳು. ಮಾವ ಎದೆ ಮೇಲೆ ಕೈಯಿಟ್ಟು ತಪ್ಪೊಪ್ಪಿಕೊಂಡರು. ಸೀಟಿನಲ್ಲಿ ಪಾರ್ಸೆಲ್ಲಿನಂತೆ ಕೂತಿರುತ್ತಿದ್ದ ಮನುಷ್ಯ ಇಲ್ಲಿ ಬೀದಿಗೆಲ್ಲ ಬೇಕಾದವರಾಗಿದ್ದರು.

ಕೊನೆಗೆ ದೊಡ್ಡ ರಸ್ತೆ ಬಂತು. ಅದನ್ನು ದಾಟಿದರೆ ಬೇಕರಿ. ಬಸ್ಸುಗಳು ಒಂದರ ಹಿಂದೊಂದು ಭರ್ರೆಂದು ಹೋಗುತ್ತಿದ್ದವು. ಅತ್ತೆ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಗುರು ನಾಟಿತು. ಧಪ್, ಧಪ್ ಎಂದು ಅವಳ ಕಾಲು ಒತ್ತುತ್ತಲೇ ಇತ್ತು. ಮಾವ ಅಂಚಿನಲ್ಲಿ ನಿಂತರು. ಡ್ರೈವಿಂಗ್ ಕಲಿಯಲು ಬಂದವರಿಗೆಲ್ಲ ಅತ್ತೆ ಮೊದಲ ದಿನವೇ ಹೇಳುವ ಮಾತೊಂದಿದೆ: ಕನ್ನಡಿಯನ್ನು ನಂಬಬೇಡ, ಕಣ್ಣಂಚನ್ನೂ ನಂಬಬೇಡ, ತಲೆ ತಿರುಗಿಸಿ ನೋಡು. ಮಾವ ಹಾಗೇ ನೋಡಿದರು. ಗದ್ದ ಭುಜಕ್ಕೆ ತಾಗುವಷ್ಟು ತಲೆಯನ್ನು ಒಂದು ಕಡೆ ತಿರುಗಿಸಿದರು. ಇನ್ನೊಂದು ಕಡೆ ತಿರುಗಿಸಿದರು. ಮತ್ತೆ ಮೊದಲ ಕಡೆ. ದೀಪ ಬದಲಾದ ಮೇಲೂ ಅವಸರ ಮಾಡದೆ, ಕೊನೆಯ ಬೈಕು ಪೂರ್ತಿ ನಿಲ್ಲುವವರೆಗೆ ಕಾದರು. ಪಕ್ಕದಲ್ಲಿ ಫೋನು ನೋಡುತ್ತಾ ರಸ್ತೆಗಿಳಿಯಲಿದ್ದ ಯುವಕನ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದರು. ಆಮೇಲೆ ರಸ್ತೆ ದಾಟಿ, ಟೋಪಿಯನ್ನು ತಲೆಗೇರಿಸಿ, ಬೇಕರಿಯ ಬಾಗಿಲು ತಳ್ಳಿಕೊಂಡು ಒಳಗೆ ಹೋದರು.

ಅತ್ತೆ ನನ್ನ ತೋಳು ಬಿಟ್ಟಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. "ಪಾಸ್" ಎಂದಳು. ಮನೆ ಕಡೆ ತಿರುಗಿದಳು. ತಿರುಗುವಾಗ ಅವಳೂ ಕೈ ಚಾಚಿ ಸಿಗ್ನಲ್ ಕೊಟ್ಟಳು.

ಭಾನುವಾರ ಅವಳೊಬ್ಬಳೇ ಕಾರು ತೆಗೆದುಕೊಂಡು ಹೋದಳು. ಸಂಜೆ ನಾನು ಹದಿನಾಲ್ಕನೇ ಮಹಡಿಗೆ ಹೋದಾಗ ಮಾವ ಬಾಲ್ಕನಿಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಹೊರಡುವ ಸಿದ್ಧತೆಗೆಂದು ಪುಸ್ತಕಗಳನ್ನು ಕಟ್ಟಿಟ್ಟಿದ್ದರು. ಇಂಥದ್ದನ್ನೆಲ್ಲ ಅವರು ಯಾರೂ ಹೇಳದೆ ಮಾಡುತ್ತಾರೆ. ಲಿಫ್ಟು ನಿಂತ ಸದ್ದಾಯಿತು. ಅತ್ತೆ ಒಳಗೆ ಬಂದಳು, ಏದುಸಿರು ಬಿಡುತ್ತಾ. ಒಂದು ವರ್ಷದಿಂದ ತುಂಬಿ ಹೋಗಿ ಖಾಲಿ ಬರುತ್ತಿದ್ದ ನೀಲಿ ಬಕೆಟ್ಟು ಅವತ್ತು ಎತ್ತಲಾರದಷ್ಟು ಭಾರವಾಗಿತ್ತು. ಅವಳು ಅದನ್ನು ಮಾವನ ಕಾಲ ಬಳಿ ಇಳಿಸಿದಳು.

ಮಾವ ಮುಚ್ಚಳ ತೆಗೆಯುವ ಮೊದಲೇ ಮೂಗರಳಿಸಿದರು. "ಇದು ನಿಮ್ಮ ಹಿತ್ತಿಲ ಮಣ್ಣು" ಎಂದರು.

"ಹೂಂ. ಎರೆಹುಳುಗಳ ಸಮೇತ. ಇಲ್ಲೇ ಈ ಮೂಲೇಲಿ ಎರಡು ಪೀಪಾಯಿ ಇಡ್ತೀನಿ. ಒಂದರಲ್ಲಿ ಸಿಪ್ಪೆ, ಒಂದರಲ್ಲಿ ಬಳ್ಳಿ. ಹಿತ್ತಿಲನ್ನ ಆ ಮಕ್ಕಳಿಗೆ ಬಿಟ್ಟು ಬಂದೆ. ನೆಲಮಾಳಿಗೆ ಪಾರ್ಕಿಂಗಲ್ಲಿ ಇರೋ ಕಂಬಗಳಿಗೆಲ್ಲ ಜನ ಕಾರು ಉಜ್ಜಿ ಉಜ್ಜಿ ಬಣ್ಣ ಬಳಿದಿದ್ದಾರೆ, ಅವರಿಗೆ ರಿವರ್ಸ್ ಕಲಿಸಿದ್ರೆ ನನಗೆ ಜೀವನಪೂರ್ತಿ ಕೆಲಸ ಇದೆ. ನಿಮಗೋಸ್ಕರ ಉಳಿದುಕೊಂಡೆ ಅಂತ ಜಂಬ ಪಡಬೇಡಿ. ಆ ಪುಸ್ತಕ ಯಾಕೆ ಕಟ್ಟಿಟ್ಟಿದೀರಿ? ಬಿಚ್ಚಿ."

ಮಾವ ಬಕೆಟ್ಟಿಗೆ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆದು ಹಿಟ್ಟಿನ ಹಾಗೆ ಬೆರಳಲ್ಲಿ ಒತ್ತಿ ನೋಡಿದರು. "ಹದವಾಗಿದೆ" ಎಂದರು. ಕೈ ಒರೆಸಿಕೊಂಡು, ಏನೋ ನೆನಪಾದವರ ಹಾಗೆ, "ಮೊನ್ನೆ ಬೇಕರಿಗೆ ಹೋಗುವಾಗ ಒಂದು ವಿಚಿತ್ರ ನಡೀತು ಗುರುಗಳೇ. ತಿರುವು ತಿರುವಿಗೂ ನನ್ನ ಹಿಂದೆ ಯಾರೋ ಬ್ರೇಕ್ ಹಾಕ್ತಾ ಇದ್ರು" ಎಂದರು.

ನಾನು ಗೋಡೆ ನೋಡಿದೆ. ಅತ್ತೆಯ ಮುಖ ಕೆಂಪಾಯಿತು. "ಅಂದ್ರೆ ನಾನು ಪರೀಕ್ಷೆ ಮಾಡ್ತಿದೀನಿ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು" ಎಂದರು ಮಾವ. "ಅದಕ್ಕೇ ಈ ಸಲ ಬೇಕಂತ ಫೇಲಾಗ್ಲಿಲ್ಲ."